ಲೋಕವ್ಯವಹಾರಕ್ಕೊಂದು ಪದವಿ

ಅಂತರರಾಷ್ಟ್ರೀಯ ರಾಜಕೀಯ ಎಂಬ ವಿಷಯ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದೇ ಒಂದು ದತ್ತಿಯ ಬಲದಿಂದ. 1919ರಲ್ಲಿ ಡೇವಿಡ್ ಡೇವಿಸ್ ಎಂಬ ಸಂಸತ್ ಸದಸ್ಯರೂ ಅವರ ತಂಗಿಯರಾದ ಗ್ವೆಂಡೊಲಿನ್ ಮತ್ತು ಮಾರ್ಗರೆಟ್ ಅವರೂ ಸೇರಿ ವೇಲ್ಸ್‌ನ ಅಬರಿಸ್ಟ್‌ವಿತ್ ಎಂಬ ಕಡಲತಡಿಯ ಸಣ್ಣ ಊರಿನ ಕಾಲೇಜಿಗೆ 20,000 ಪೌಂಡ್ ಕೊಟ್ಟರು. ಮೊದಲ ಮಹಾಯುದ್ಧಕ್ಕೆ ಹೋಗಿ ಮರಳಿ ಬಾರದ ಆ ಕಾಲೇಜಿನ ವಿದ್ಯಾರ್ಥಿಗಳ ನೆನಪಿಗೆ ಒಂದು ಪ್ರಾಧ್ಯಾಪಕ ಪೀಠ ಆಗಬೇಕು, ದೇಶದೇಶಗಳ ನಡುವಿನ ವ್ಯವಹಾರವನ್ನು ಅಲ್ಲಿ ಕ್ರಮವಾಗಿ ಕಲಿಸಬೇಕು ಎಂಬುದು ಅವರ ಇಚ್ಛೆ. ಡೇವಿಸರ ತಾತ ಕಲ್ಲಿದ್ದಲು ಮತ್ತು ರೈಲುಮಾರ್ಗಗಳಲ್ಲಿ ಸಂಪತ್ತು ಗಳಿಸಿದವರು. ಮೊಮ್ಮಗ ಅದೇ ಯುದ್ಧದಲ್ಲಿ ಒಂದು ಪಡೆಯ ನಾಯಕತ್ವ ವಹಿಸಿದ್ದವರು. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಅವರ ಹೆಸರಿಟ್ಟ ಆ ಪೀಠಕ್ಕೆ ಮೊದಲು ಬಂದವರು ಗ್ರೀಕ್ ಇತಿಹಾಸದ ವಿದ್ವಾಂಸ ಆಲ್ಫ್ರೆಡ್ ಝಿಮರ್ನ್. ಲಂಡನ್ನು, ಆಕ್ಸ್‌ಫರ್ಡು ಇದ್ದೂ ಈ ಓದು ಬೇರು ಬಿಟ್ಟದ್ದು ವೆಲ್ಷ್ ಮಾತಾಡುವ ಸೀಮೆಯ ಒಂದು ಊರಿನಲ್ಲಿ. ರಾಜಧಾನಿಯಿಂದ ದೂರದ ಊರುಗಳಲ್ಲಿ ಕುಳಿತು ಓದುವವರಿಗೆ ಇದು ಧೈರ್ಯ ಕೊಡುವ ಸಂಗತಿ.

1936ರಲ್ಲಿ ಅದೇ ಪೀಠಕ್ಕೆ ಇ.ಎಚ್. ಕಾರ್ ಬಂದರು. ಇಪ್ಪತ್ತು ವರ್ಷ ಬ್ರಿಟಿಷ್ ವಿದೇಶಾಂಗ ಕಚೇರಿಯಲ್ಲಿ ದುಡಿದು, ಪ್ಯಾರಿಸ್ ಶಾಂತಿ ಸಮ್ಮೇಳನವನ್ನು ಒಳಗಿನಿಂದ ಕಂಡಿದ್ದವರು. ದತ್ತಿ ಕೊಟ್ಟ ಡೇವಿಸರಿಗೆ ರಾಷ್ಟ್ರಸಂಘದ ಮೇಲೆ, ದೇಶಗಳೆಲ್ಲ ಸೇರಿ ಕಟ್ಟಬಹುದಾದ ಒಂದು ಅಂತರರಾಷ್ಟ್ರೀಯ ಪೊಲೀಸ್ ಪಡೆಯ ಮೇಲೆ ಅಪಾರ ನಂಬಿಕೆ. ಕಾರ್ ಆ ನಂಬಿಕೆಯನ್ನೇ ಪ್ರಶ್ನಿಸಿದರು. ಬಲ ಯಾರ ಕೈಯಲ್ಲಿದೆ ಎಂಬುದನ್ನು ನೋಡದೆ ಶಾಂತಿಯ ಮಾತಾಡಿದರೆ ಅದು ಗೆದ್ದವರ ಅನುಕೂಲದ ಮಾತಾಗುತ್ತದೆ ಎಂಬುದು ಅವರ ವಾದ. ಆ ವಾದದ ಪುಸ್ತಕ ಹೊರಬಂದದ್ದು 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾದ ದಿನಗಳಲ್ಲೇ. ಡೇವಿಸರಿಗೆ ಕಾರ್ ಅವರ ನಿಲುವು ಒಪ್ಪಿಗೆಯಾಗಲಿಲ್ಲ. ಪೀಠ ಕಟ್ಟಿಸಿದವರಿಗೂ ಪೀಠದಲ್ಲಿ ಕೂತವರಿಗೂ ನಡೆದ ಈ ತಕರಾರು ಈಗಲೂ ಮುಗಿದಿಲ್ಲ. ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ಈ ವಿಷಯ ಕಲಿಸುವ ಮೇಷ್ಟರು ಮೊದಲ ವಾರ ತೋರಿಸಬೇಕಾದ್ದು ಇದನ್ನೇ. ಸಿದ್ಧಾಂತಗಳ ವ್ಯಾಖ್ಯೆಗಳನ್ನು ಆಮೇಲೆ ಬರೆಸಬಹುದು.

ಅದೇ 1919ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲೂ ಒಂದು ಕೆಲಸ ಶುರುವಾಗಿತ್ತು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ವಾಲ್ಶ್ ಎಂಬ ಜೆಸ್ಯೂಟ್ ಪಾದ್ರಿ ವಿದೇಶಾಂಗ ಸೇವೆಯ ಶಾಲೆಯೊಂದನ್ನು ತೆರೆದರು. ಅಮೆರಿಕದ ವಿದೇಶಾಂಗ ಸೇವೆಯೇ ಈಗಿನ ರೂಪಕ್ಕೆ ಬಂದದ್ದು 1924ರ ಕಾನೂನಿನಿಂದ. ಸೇವೆಗಿಂತ ಐದು ವರ್ಷ ಮೊದಲೇ ಶಾಲೆ ಬಂತು. ಅಲ್ಲಿ ಪದವಿ ಹಂತದಲ್ಲೇ, ಪಿಯುಸಿ ಮುಗಿಸುವ ವಯಸ್ಸಿನ ಮಕ್ಕಳನ್ನೇ ತೆಗೆದುಕೊಳ್ಳುತ್ತಾರೆ. ಬಿಲ್ ಕ್ಲಿಂಟನ್ 1968ರಲ್ಲಿ ಪದವಿ ಪಡೆದದ್ದು ಅಲ್ಲಿಂದ. ಆ ಪಠ್ಯಕ್ರಮದಲ್ಲಿ ಗಮನಿಸಬೇಕಾದ ಮೂರು ಕಟ್ಟುಪಾಡುಗಳಿವೆ. ಅರ್ಥಶಾಸ್ತ್ರ ಓದದೆ ಗತಿಯಿಲ್ಲ. ಒಂದು ಪರಭಾಷೆಯಲ್ಲಿ ಮೌಖಿಕ ಪರೀಕ್ಷೆ ಪಾಸಾಗಬೇಕು. ಕಾಗದದ ಮೇಲೆ ವ್ಯಾಕರಣ ಬಿಡಿಸಿದರೆ ಸಾಲದು, ಎದುರು ಕೂತು ಆ ಭಾಷೆಯಲ್ಲಿ ವಿಷಯ ಚರ್ಚಿಸಬೇಕು. ಜೊತೆಗೆ ಜಗತ್ತಿನ ಭೂಪಟದ್ದೇ ಒಂದು ಕ್ರೆಡಿಟ್‌ನ ಕಡ್ಡಾಯ ಕೋರ್ಸು. ನಕ್ಷೆ ಬಾರದವನು ವಿದೇಶಾಂಗ ನೀತಿ ಮಾತಾಡುವುದು ಬೇಡ ಎಂಬುದು ಆ ಶಾಲೆಯ ಹಟ. ಮೆಚ್ಚಬೇಕಾದ ಹಟ ಅದು.

ಭಾರತದಲ್ಲಿ ದಾರಿ ಬೇರೆಯಾಯಿತು. 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆರಂಭವಾಯಿತು. ಎ. ಅಪ್ಪಾದೊರೈ ಅದರ ನಿರ್ದೇಶಕರು. ಸಂಶೋಧನೆಗೆಂದೇ ಕಟ್ಟಿದ ಆ ಸಂಸ್ಥೆ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ಆ ಸಂಸ್ಥೆ ಆರಂಭವಾದ ಮರುವರ್ಷವೇ, 1956ರಲ್ಲಿ, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಹುಟ್ಟಿತು. ಈಗ ಅಲ್ಲಿ ಪದವಿ ತರಗತಿಯೂ ಇದೆ. ಆದರೆ ದೇಶದ ಬಹುಪಾಲು ಕಡೆ ಇದು ಎಂ.ಎ. ಮತ್ತು ಪಿಎಚ್‌.ಡಿ. ವಿಷಯವಾಗಿಯೇ ಉಳಿಯಿತು. ಜೆಎನ್‌ಯುವಿನ ಏರ್ಪಾಡು ನೋಡಿದರೆ ತೊಡಕು ಗೊತ್ತಾಗುತ್ತದೆ. ಹದಿನೆಂಟರ ವಿದ್ಯಾರ್ಥಿ ಅಲ್ಲಿ ಚೀನೀ, ರಷ್ಯನ್, ಅರಬ್ಬಿ ಭಾಷೆಗೆ ಬಿ.ಎ. ಸೇರಬಹುದು. ಆ ದೇಶಗಳ ರಾಜಕೀಯ ಓದಬೇಕೆಂದರೆ ಪದವಿ ಮುಗಿಸಿ ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೇರೆ ಯಾವುದೋ ಪದವಿ ಮುಗಿಸಿ, ಯಾವ ಪರಭಾಷೆಯೂ ಇಲ್ಲದೆ ಬಂದವರು. ಭಾಷೆ ಬಲ್ಲವರೂ ರಾಜಕೀಯ ಬಲ್ಲವರೂ ಒಂದೇ ಕ್ಯಾಂಪಸ್ಸಿನಲ್ಲಿದ್ದು ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ಕರ್ನಾಟಕದ ಬಿ.ಎ. ತರಗತಿಗಳಲ್ಲಿ ಈ ವಿಷಯ ಬಹುಮಟ್ಟಿಗೆ ರಾಜ್ಯಶಾಸ್ತ್ರದ ಒಳಗಿನ ಒಂದೆರಡು ಪತ್ರಿಕೆಗಳಷ್ಟೆ. ಮಾರ್ಗೆಂಥೊ ಎಂಬ ಚಿಂತಕ ಹೇಳಿದ ಆರು ತತ್ವಗಳು, ವಿಶ್ವಸಂಸ್ಥೆಯ ಅಂಗಗಳು, ಶೀತಲ ಸಮರ, ಅಲಿಪ್ತ ನೀತಿ, ಸಾರ್ಕ್. ನೋಟ್ಸ್ ಬರೆದು, ಐದು ಅಂಕ ಹತ್ತು ಅಂಕದ ಪ್ರಶ್ನೆಗಳಿಗೆ ಸಿದ್ಧವಾಗಿ, ಸೆಮಿಸ್ಟರ್ ಮುಗಿಸುವುದು. ಅಲ್ಲಿಂದ ಮುಂದೆ ಅದನ್ನು ಗಂಭೀರವಾಗಿ ಕೈಗೆತ್ತಿಕೊಳ್ಳುವವರು ಯುಪಿಎಸ್‌ಸಿಗೆ ಕೂರುವವರು. ಅದರ ಐಚ್ಛಿಕ ವಿಷಯಗಳಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಒಟ್ಟಿಗೇ ಇವೆ. ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಹೀಗಾಗಿ ಸೂಡಾನ್, ಉಕ್ರೇನ್, ತೈವಾನ್ ಎಂಬ ಹೆಸರುಗಳು ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳ ಕಡೆಗೇ ಹೊರಳುತ್ತವೆ, ಅಲ್ಲಿ ಅವು ಪ್ರಚಲಿತ ವಿದ್ಯಮಾನಗಳೆಂಬ ಪಟ್ಟಿಗೆ ಸೇರುತ್ತವೆ. ಪಟ್ಟಿಯಲ್ಲಿ ಸೇರಿದ ಯುದ್ಧ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ.

ಆದರೆ ಜಗತ್ತು ಕರ್ನಾಟಕದ ಹಳ್ಳಿಗೆ ಪ್ರಶ್ನೆಪತ್ರಿಕೆಯ ಮೂಲಕ ಬರುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯ ಹುಡುಗ. ಅದರ ಮರುವರ್ಷ ನಡೆದದ್ದನ್ನು ಇನ್ನೂ ಹತ್ತಿರದಿಂದ ನೋಡಬೇಕು.

2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಕೆಲವೇ ದಿನಗಳಲ್ಲಿ ಕರ್ನಾಟಕದಲ್ಲಿ ಸುದ್ದಿ ಹಬ್ಬಿತು: ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಜನ ಪಶ್ಚಿಮ ಸೂಡಾನಿನ ಡಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ಎಂಬ ಊರಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಊಟ ನೀರಿಗೂ ತತ್ವಾರ. ಗಿಡಮೂಲಿಕೆ ಔಷಧಿ, ತಲೆಗೂದಲಿನ ಎಣ್ಣೆ ಮಾರಲು ಹೋದವರು ಅವರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಹಾಡಿಗಳಿಂದ, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳಿಂದ ಈ ಸಮುದಾಯದವರು ಆಫ್ರಿಕಾದ ಹಲವು ದೇಶಗಳಿಗೆ ಹೀಗೆ ವ್ಯಾಪಾರಕ್ಕೆ ಹೋಗಿ ಬರುತ್ತಾರೆ. ಮನೆಯಲ್ಲಿ ವಾಗ್ರಿ ಮಾತು, ಸಂತೆಯಲ್ಲಿ ಕನ್ನಡ, ದೂರದ ಊರುಗಳಲ್ಲಿ ಅಲ್ಲಲ್ಲಿಯ ಭಾಷೆಯ ನಾಲ್ಕು ಮಾತು. ಯಾವ ವಿಶ್ವವಿದ್ಯಾಲಯವೂ ಕಲಿಸದ ಆಫ್ರಿಕಾದ ಪರಿಚಯ ಈ ಕುಟುಂಬಗಳಿಗಿದೆ. ಚುನಾವಣೆಯ ಕಾವಿನಲ್ಲಿ ಅವರ ವಿಚಾರ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರ ನಡುವೆ ಟ್ವಿಟರ್‌ನಲ್ಲಿ ವಾಗ್ವಾದಕ್ಕೂ ಕಾರಣವಾಯಿತು. ಅದು ಎಲ್ಲರಿಗೂ ನೆನಪಿದೆ. ಎಲ್ ಫಾಶರ್ ಎಲ್ಲಿದೆ ಎಂಬುದು ಯಾರಿಗೂ ನೆನಪಿಲ್ಲ.

ಒಂದು ಒಳ್ಳೆಯ ಪದವಿ ತರಗತಿ ಇಲ್ಲಿಂದ ಶುರುವಾಗಬಹುದು. ಭೂಪಟ ಬಿಚ್ಚಿದರೆ ಎಲ್ ಫಾಶರಿನಿಂದ ಕೆಂಪು ಸಮುದ್ರದ ಪೋರ್ಟ್ ಸೂಡಾನಿಗೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ. ಭಾರತದ ನೌಕಾಪಡೆಯ ಐಎನ್‌ಎಸ್ ಸುಮೇಧಾ ಮೊದಲ ತಂಡದ 278 ಜನರನ್ನು ಹತ್ತಿಸಿಕೊಂಡದ್ದು ಆ ಬಂದರಿನಿಂದ. ಇಳಿಸಿದ್ದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ. ಆಪರೇಷನ್ ಕಾವೇರಿ ಎಂದು ಹೆಸರಿಟ್ಟ ಆ ಕಾರ್ಯಾಚರಣೆಯಲ್ಲಿ ಒಟ್ಟು 3,862 ಜನ ಪಾರಾಗಿ ಬಂದರು. ಜೆಡ್ಡಾವೇ ಯಾಕೆ? ಸೌದಿಗಳಿಗೂ ಸೂಡಾನಿನ ಎರಡೂ ಬಣಗಳಿಗೂ ಏನು ಸಂಬಂಧ? ಆರ್‌ಎಸ್‌ಎಫ್ ಹುಟ್ಟಿದ್ದು ಎಲ್ಲಿಂದ, ಡಾರ್ಫುರಿನಲ್ಲಿ ಇಪ್ಪತ್ತು ವರ್ಷ ಹಿಂದೆ ಊರುಗಳನ್ನು ಸುಟ್ಟ ಜಂಜಾವೀದ್ ಪಡೆಗಳಿಗೂ ಅದಕ್ಕೂ ಏನು ನಂಟು? ಅಲ್ಲಿಯ ಚಿನ್ನ ಯಾವ ಮಾರುಕಟ್ಟೆಗೆ ಹೋಗುತ್ತದೆ? ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆಂದು ಹೋಗುವಾಗ ಸರ್ಕಾರದ ಅನುಮತಿ ಬೇಕಾದ 18 ದೇಶಗಳಲ್ಲಿ ಸೂಡಾನ್ ಕೂಡ ಒಂದು. 1983ರ ವಲಸೆ ಕಾಯ್ದೆಯಿಂದ ಬಂದ ಈ ರಕ್ಷಣೆ, ಗಂಟು ಹೊತ್ತು ತಾನೇ ವ್ಯಾಪಾರಕ್ಕೆ ಹೋಗುವವನಿಗೆ ಹೇಗೆ ಅನ್ವಯಿಸುತ್ತದೆ? ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಕಾನೂನು ಎಲ್ಲವೂ ಒಂದೇ ಘಟನೆಯೊಳಗೆ ಕೈಹಿಡಿದು ಬರುತ್ತವೆ. ಪಕ್ಷಿರಾಜಪುರಕ್ಕೆ ಹೋಗಿ, ಹಿರಿಯರ ಎದುರು ಕೂತು, ಯಾವ ದೇಶಕ್ಕೆ ಯಾವ ದಾರಿಯಲ್ಲಿ ಹೋದಿರಿ, ವೀಸಾ ಯಾರು ಮಾಡಿಸಿಕೊಟ್ಟರು, ಸರಕು ಹೇಗೆ ಸಾಗಿಸಿದಿರಿ ಎಂದು ಕೇಳಿ ಬರೆದುಕೊಂಡ ವಿದ್ಯಾರ್ಥಿಯ ಬಳಿ ದೆಹಲಿಯ ಸಂಶೋಧಕರ ಬಳಿಯೂ ಇಲ್ಲದ ವಿವರ ಇರುತ್ತದೆ. ಎಲ್ ಫಾಶರ್ ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಆರ್‌ಎಸ್‌ಎಫ್ ವಶವಾಯಿತು. ಕನ್ನಡದ ವ್ಯಾಪಾರಿಗಳು ನಡೆದಾಡಿದ ಊರಿನಲ್ಲಿ ಆಮೇಲೆ ನಡೆದ ಹತ್ಯಾಕಾಂಡ ಇಲ್ಲಿ ಯಾರ ಮನೆಯ ಮಾತೂ ಆಗದೆ ಹೋದದ್ದು ನೋವಿನ ಸಂಗತಿ.

ಇನ್ನೊಂದು ಪಾಠ ಕಾಫಿ ತೋಟದಲ್ಲಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ದೊಡ್ಡ ಪಾಲು ರಫ್ತಾಗುವುದು ಇಟಲಿ, ಜರ್ಮನಿಯಂಥ ಯುರೋಪಿನ ದೇಶಗಳಿಗೆ. 2023ರಲ್ಲಿ ಐರೋಪ್ಯ ಒಕ್ಕೂಟ ಅರಣ್ಯನಾಶ ತಡೆಯುವ ನಿಯಮವೊಂದನ್ನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನದ ಮಾಂಸ ಅಲ್ಲಿಯ ಮಾರುಕಟ್ಟೆಗೆ ಬರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್ ಮೀರಿದ ತೋಟವಾದರೆ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, ಐದು ಮೀಟರಿಗಿಂತ ಎತ್ತರದ ಮರ, ಶೇ 10ಕ್ಕಿಂತ ಹೆಚ್ಚು ನೆರಳು ಇದ್ದರೆ ಅದು ಕಾಡು, ಕೃಷಿಯೇ ಮುಖ್ಯವಾಗಿರುವ ಜಾಗವನ್ನು ಬಿಟ್ಟು. ಸೋಮವಾರಪೇಟೆಯ ತೋಟದಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ, ನಂದಿ ಮರಗಳ ನೆರಳಿನಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಮೇಲಿನಿಂದ ಉಪಗ್ರಹಕ್ಕೆ ಕಾಣುವುದು ಬರೀ ಹಸಿರು ಚಾವಣಿ. ನೆರಳು ಕಾಪಾಡಿಕೊಂಡು ಬಂದ ಬೆಳೆಗಾರನೇ ತನ್ನದು ತೋಟ ಎಂದು ದಾಖಲೆ ತೋರಿಸಬೇಕಾದ ಸ್ಥಿತಿ. ನಿಯಮದ ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. ದೊಡ್ಡ ಕಂಪನಿಗಳಿಗೆ ಈಗ 2026ರ ಡಿಸೆಂಬರ್ ಗಡುವು.

ಬ್ರಸೆಲ್ಸ್‌ನಲ್ಲಿ ಆದ ಈ ತೀರ್ಮಾನದ ಮೂಲಪಾಠ ಓದಿ, ಯಾವ ವಿಧಿಗೆ ಯಾವ ವಿನಾಯಿತಿ ಇದೆ ಎಂದು ಕಂಡುಹಿಡಿದು, ಎರಡು ಎಕರೆ ಇರುವ ಬೆಳೆಗಾರನಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು. ಹಾಗೆಯೇ ಆ ಬೆಳೆಗಾರನ ತೊಂದರೆಯನ್ನು ಬ್ರಸೆಲ್ಸ್‌ಗೆ ಮುಟ್ಟುವಂತೆ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಬರೆಯುವವರೂ ಬೇಕು. ಅಂತರರಾಷ್ಟ್ರೀಯ ವ್ಯವಹಾರ ಓದಿದವರಿಗೆ ಕೆಲಸವೇನು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಆ ಪ್ರಶ್ನೆಯನ್ನು ಅಪ್ಪ ಅಮ್ಮ ಕೇಳಿಯೇ ಕೇಳುತ್ತಾರೆ. "ಬಿ.ಕಾಂ. ಮಾಡಿದ್ರೆ ಬ್ಯಾಂಕು, ಬಿಸಿಎ ಮಾಡಿದ್ರೆ ಕಂಪನಿ. ಇದನ್ನ ಓದಿ ಏನಮ್ಮಾ ಆಗ್ತೀಯ?" ಮಗಳು "ರಾಯಭಾರಿ" ಎನ್ನುತ್ತಾಳೆ. ಅಲ್ಲಿ ಪ್ರಾಮಾಣಿಕತೆ ಬೇಕು. ಭಾರತೀಯ ವಿದೇಶಾಂಗ ಸೇವೆಯಲ್ಲಿರುವ ಅಧಿಕಾರಿಗಳು ಒಟ್ಟು ಸುಮಾರು ಒಂದು ಸಾವಿರ. ಅದಕ್ಕೆ ಈ ಪದವಿಯೇ ಬೇಕೆಂದೂ ಇಲ್ಲ. ಬೆಂಗಳೂರಿನ ಮಿಲಿಟರಿ ಶಾಲೆಯಲ್ಲೂ ಓದಿದ್ದ ಎಸ್. ಜೈಶಂಕರ್ ಪದವಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ಮಂಗಳೂರಿನ ಕೆನರಾ ಹೈಸ್ಕೂಲಿನಿಂದ ಹೊರಟು ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದ ಬೆನಗಲ್ ನರಸಿಂಗ ರಾವ್. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಓದಿದ್ದು ಇಂಗ್ಲಿಷ್ ಸಾಹಿತ್ಯ.

ಮುತ್ತಮ್ಮನವರ ಕಥೆಯನ್ನು ಈ ಪದವಿಯ ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆಗಿನ ನಿಯಮದ ಪ್ರಕಾರ ಈ ಸೇವೆಯ ಮಹಿಳೆ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಿತ್ತು. ಗಂಡಸರಿಗೆ ಈ ನಿರ್ಬಂಧ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ ಅರ್ಜಿ ವಜಾ ಆಯಿತು, ಆದರೆ ಆ ತೀರ್ಪಿನ ಮಾತುಗಳು ಉಳಿದವು. ವಿದೇಶಾಂಗ ನೀತಿ ಎಂಬುದನ್ನು ಆಕಾಶದಿಂದ ಇಳಿದದ್ದೆಂದು ಓದಬಾರದು. ಅದನ್ನು ನಡೆಸುವ ಕಚೇರಿಯ ಒಳನಿಯಮಗಳನ್ನೂ ಓದಬೇಕು.

ನರಸಿಂಗ ರಾಯರದು ಇನ್ನೊಂದು ಬಗೆಯ ಪಾಠ. 1950ರ ಜೂನ್ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿ, ಕುರ್ಚಿಯಲ್ಲಿದ್ದವರು ರಾಯರು. 25ನೇ ತಾರೀಕು ಭಾನುವಾರ ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಚೀನಾದ ಪ್ರಾತಿನಿಧ್ಯದ ವಿಷಯಕ್ಕೆ ಮುನಿದು ಸೋವಿಯತ್ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ, ಆದ್ದರಿಂದ ವೀಟೋ ಇಲ್ಲ. ಅಂದಿನ ಖಂಡನಾ ನಿರ್ಣಯಕ್ಕೆ ಭಾರತ ಮತ ಹಾಕಿತು. 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂದು ಸದಸ್ಯ ದೇಶಗಳಿಗೆ ಶಿಫಾರಸು ಮಾಡುವ ನಿರ್ಣಯ ಬಂದಾಗ ದೆಹಲಿಯ ಸೂಚನೆ ಇನ್ನೂ ತಲುಪಿರಲಿಲ್ಲ. ಭಾರತವೂ ಈಜಿಪ್ಟೂ ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನದ ನಂತರ ದೆಹಲಿ ಒಪ್ಪಿಗೆ ಸಾರಿತು. ಕೊನೆಗೆ ಕೊರಿಯಾಕ್ಕೆ ಹೋದದ್ದು ಕಾದಾಡುವ ಸೈನಿಕರಲ್ಲ, ವೈದ್ಯಕೀಯ ಪಡೆ. ಅಲಿಪ್ತ ನೀತಿ ಎಂಬ ಹತ್ತು ಅಂಕದ ಪ್ರಶ್ನೆಗೆ ಬರೆಸುವ ಉತ್ತರದಲ್ಲಿ ಈ ಮೂರು ನಾಲ್ಕು ದಿನಗಳ ಇಕ್ಕಟ್ಟು ಇರುವುದಿಲ್ಲ. ನಿರ್ಣಯಗಳ ಪಠ್ಯ, ಮತಗಳ ಲೆಕ್ಕ ಎಲ್ಲವೂ ವಿಶ್ವಸಂಸ್ಥೆಯ ದಾಖಲೆಗಳಲ್ಲಿ ಯಾರು ಬೇಕಾದರೂ ಓದಲು ಸಿಗುತ್ತವೆ. ಒಂದು ತರಗತಿಯನ್ನು ಹನ್ನೊಂದು ದೇಶಗಳ ಮಂಡಳಿಯಾಗಿ ಕೂರಿಸಿ ಆ ಎರಡು ಸಭೆಗಳನ್ನು ಮತ್ತೆ ನಡೆಸಿದರೆ ವಿದ್ಯಾರ್ಥಿಗಳು ಅದನ್ನು ಮರೆಯುವುದಿಲ್ಲ.

ದಾಖಲೆ ಓದುವ ಅಭ್ಯಾಸಕ್ಕೆ ಇನ್ನೂ ಹತ್ತಿರದ ಪಠ್ಯವೂ ಇದೆ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿ ಸಹಿ ಹಾಕಿದ ಮಂಗಳೂರು ಒಪ್ಪಂದ. ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಡುವುದು, ಸೆರೆಯಾಳುಗಳ ಬಿಡುಗಡೆ, ವ್ಯಾಪಾರದ ಹಕ್ಕುಗಳು. ಎಂಟು ವರ್ಷದ ನಂತರದ ಶ್ರೀರಂಗಪಟ್ಟಣ ಒಪ್ಪಂದವನ್ನು ಅದರ ಪಕ್ಕದಲ್ಲಿಟ್ಟು ಓದಿದರೆ ಬಲ ಹೇಗೆ ಕೈಬದಲಾಯಿತೆಂಬುದು ಕಲಮು ಕಲಮಿನಲ್ಲೂ ಕಾಣುತ್ತದೆ.

ಉಳಿದದ್ದು ಭಾಷೆ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡ ಕೊರತೆ. ಇಂಗ್ಲಿಷ್ ಮಾತಾಡುವವರಿಗೆ ಅರಬ್ಬಿ, ಚೀನೀ, ಜಪಾನಿ ಭಾಷೆಗಳಲ್ಲಿ ವೃತ್ತಿಗೆ ಸಾಕಾಗುವ ಹಿಡಿತ ಬರಲು 2,200 ಗಂಟೆಗಳ ತರಗತಿ ಬೇಕೆಂದು ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಅಂದಾಜು ಮಾಡಿದೆ. ಫ್ರೆಂಚ್, ಸ್ಪ್ಯಾನಿಷ್‌ಗೆ ಅದರ ಮೂರನೇ ಒಂದು ಭಾಗ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. ವರ್ಷಕ್ಕೆ 180 ದಿನ, ದಿನಕ್ಕೆ ಒಂದೂವರೆ ಗಂಟೆ ಕಲಿಸಿದರೆ ಮೂರು ವರ್ಷಕ್ಕೆ 810 ಗಂಟೆ. ಫ್ರೆಂಚ್ ಕೈಗೆ ಬರುತ್ತದೆ. ಅರಬ್ಬಿಗೆ ಗಟ್ಟಿ ಬುನಾದಿ ಬೀಳುತ್ತದೆ. ಕರಾವಳಿಯಿಂದ, ಭಟ್ಕಳದಿಂದ ಅಷ್ಟು ಜನ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವಾಗ ಆ ಬುನಾದಿ ಬರೀ ಅಂಕಪಟ್ಟಿಗೆ ಬಂದದ್ದಾಗುವುದಿಲ್ಲ. ಇದಕ್ಕೆ ಜಾಗ ಬೇಕಾದರೆ ಸಿದ್ಧಾಂತಗಳ ಒಂದೆರಡು ಪತ್ರಿಕೆಗಳನ್ನು ತೆಗೆದುಹಾಕಬೇಕು, ಹಿಂದೆಮುಂದೆ ನೋಡದೆ ತೆಗೆದುಹಾಕಬೇಕು. ಸಿದ್ಧಾಂತವನ್ನು ಎಂ.ಎ.ಯಲ್ಲಿ ಓದಬಹುದು. ಹದಿನೆಂಟರಲ್ಲಿ ನಾಲಿಗೆಗೆ ಹತ್ತುವ ಭಾಷೆ ಇಪ್ಪತ್ತೈದರಲ್ಲಿ ಅಷ್ಟು ಸಲೀಸಾಗಿ ಹತ್ತುವುದಿಲ್ಲ.

ನೆರೆದೇಶಗಳ ಭಾಷೆಗಳ ಕಡೆ ಯಾರ ಕಣ್ಣೂ ಹೋಗಿಲ್ಲ. ಬೆಂಗಳೂರಿನಿಂದ ಕೊಲಂಬೊ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ; ದೆಹಲಿ ಅದಕ್ಕಿಂತ ದೂರ. 2022ರ ಜುಲೈನಲ್ಲಿ ಶ್ರೀಲಂಕಾದ ಜನ ಅಧ್ಯಕ್ಷರ ಮನೆಗೇ ನುಗ್ಗಿ, ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಓಡಿದಾಗ ಕನ್ನಡದ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳ ಅನುವಾದ. ಸಿಂಹಳ ಲಿಪಿಯೂ ಕನ್ನಡದಂತೆ ಬ್ರಾಹ್ಮಿಯಿಂದ ಬಂದದ್ದು. ಸ್ವರ, ವ್ಯಂಜನ, ವರ್ಗಗಳ ಸಾಲೂ ಅದೇ. ಕನ್ನಡ ಅಕ್ಷರಮಾಲೆ ಬಲ್ಲ ವಿದ್ಯಾರ್ಥಿಗೆ ಅದರ ಅಕ್ಷರಗಳು ಕೆಲವೇ ವಾರಗಳಲ್ಲಿ ಕೂರುತ್ತವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಕಾಲೇಜು ಇಪ್ಪತ್ತು ವಿದ್ಯಾರ್ಥಿಗಳನ್ನು ಇಟ್ಟುಕೊಂಡು, ಲಂಕೆಯಿಂದ ಒಬ್ಬ ಅಧ್ಯಾಪಕರನ್ನು ಕರೆಸಿ, ಮೂರನೇ ವರ್ಷ ಒಂದು ತಿಂಗಳು ಕ್ಯಾಂಡಿಯಲ್ಲೋ ಜಾಫ್ನಾದಲ್ಲೋ ಉಳಿದು ಬರುವ ಏರ್ಪಾಡಿನೊಡನೆ ಈ ಪದವಿ ಆರಂಭಿಸಬಹುದು. ಅದಕ್ಕೆ ತಗಲುವ ಖರ್ಚು ಒಬ್ಬ ಅಧ್ಯಾಪಕರ ಸಂಬಳ, ಇಪ್ಪತ್ತು ಟಿಕೆಟ್ಟು ಮತ್ತು ಒಂದು ತಿಂಗಳ ಊಟ ವಸತಿ.